ಐದಿಂಚಿನ ಚೌಕಗಳ ಕ್ವಿಲ್ಟ್: ಬಣ್ಣಕ್ಕೂ ಮೊದಲು ಅಳತೆ

ತುಂಡುಬಟ್ಟೆ ಜೋಡಿಸಿ ಹೊಲಿದ ಹೊದಿಕೆ, ಅಂದರೆ ಕ್ವಿಲ್ಟ್, ನೋಡಿದವರೆಲ್ಲ ಮೊದಲು ಮಾತಾಡುವುದು ಬಣ್ಣದ ಬಗ್ಗೆ. ಹೊಲಿಯಲು ಕೂತವರನ್ನು ಕಾಡುವುದು ಮಾತ್ರ ಅಳತೆ. ಹೊಲಿಯುವವರು ಗುಂಪು ಕಟ್ಟಿಕೊಂಡು ಬಟ್ಟೆಯ ಚೌಕಗಳನ್ನು ಬದಲಾಯಿಸಿಕೊಳ್ಳುವುದುಂಟು. ಹಾಗೆ ನಲವತ್ತು ಮನೆಗಳಿಂದ ಬಂದ ನಲವತ್ತು ಚೌಕಗಳಿಗೂ "ಐದು ಇಂಚು" ಎಂಬ ಹೆಸರೇ ಇರುತ್ತದೆ. ಸ್ಕೇಲು ಇಟ್ಟು ನೋಡಿದರೆ ಒಂದು 4⅞ ಇಂಚು, ಇನ್ನೊಂದು ಐದಕ್ಕಿಂತ ಕೂದಲೆಳೆ ಹೆಚ್ಚು, ಮತ್ತೊಂದರ ಮೂಲೆಯೇ ಸೊಟ್ಟ. ಇವನ್ನು ಹಾಗೇ ಜೋಡಿಸಿದರೆ ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಮೂಲೆಗಳು ಕೂಡುವುದಿಲ್ಲ, ಹತ್ತನೆಯ ಸಾಲಿಗೆ ಬಟ್ಟೆ ಅಲೆಯೇಳುತ್ತದೆ.

ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಹಳೆಯ ಸೀರೆ, ಧೋತರ ಹಾಸಿ, ಅದರ ಮೇಲೆ ತುಂಡುಗಳ ಅಂಚು ಮಡಚಿ ಇಟ್ಟು, ಎಲ್ಲ ಪದರಗಳನ್ನೂ ಹಿಡಿದು ಕೈಯಿಂದ ದಾರ ಓಡಿಸುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಒಂದು ತುಂಡು ಚಿಕ್ಕದಾದರೆ ಪಕ್ಕದ ತುಂಡು ಅದನ್ನು ಮುಚ್ಚುತ್ತದೆ. ಕೆಳಗೆ ಹಾಸಿದ ಬಟ್ಟೆ ಎಲ್ಲವನ್ನೂ ಹೊತ್ತುಕೊಳ್ಳುತ್ತದೆ. ಅಮೆರಿಕದ ಪದ್ಧತಿಯ ಚೌಕದ ಕ್ವಿಲ್ಟಿನಲ್ಲಿ ಹಾಗೆ ಹೊರುವವರು ಯಾರೂ ಇಲ್ಲ. ಮೇಲುಹೊದಿಕೆ ಪೂರ್ತಿ ಅಂಚಿಗೆ ಅಂಚು ಹೊಲಿದೇ ತಯಾರಾಗಬೇಕು, ಒಂದು ಚೌಕದ ತಪ್ಪನ್ನು ಪಕ್ಕದ ಚೌಕ ಹೊರಬೇಕು. ಈ ಲೇಖನದ ಮುಕ್ಕಾಲು ಪಾಲು ಸಲಹೆಗಳ ಬೇರು ಇಲ್ಲಿದೆ.

ಚೌಕ ಬದಲಾಯಿಸಿಕೊಳ್ಳುವ ಅಭ್ಯಾಸ ಹೊಸದೇನಲ್ಲ. ಅಮೆರಿಕದಲ್ಲಿ 1870ರ ನಂತರದ ದಶಕಗಳಲ್ಲಿ "ಚಾರ್ಮ್ ಕ್ವಿಲ್ಟ್" ಎಂಬ ಹುಚ್ಚು ಹಬ್ಬಿತ್ತು. ಎಲ್ಲ ತುಂಡುಗಳ ಆಕಾರ ಒಂದೇ, ಆದರೆ ಯಾವ ಎರಡು ತುಂಡಿನ ಬಟ್ಟೆಯೂ ಒಂದೇ ಇರಕೂಡದು. ಒಬ್ಬರ ಮನೆಯಲ್ಲಿ ಅಷ್ಟು ಬಗೆಯ ಬಟ್ಟೆ ಎಲ್ಲಿಂದ ಬರಬೇಕು? ಗೆಳತಿಯರು, ನೆಂಟರು, ನೆರೆಯವರ ಜೊತೆ ಚೂರುಗಳ ಕೊಡು-ಕೊಳ್ಳು ನಡೆಯುತ್ತಿತ್ತು. 1930ರ ದಶಕದ ಮುಗ್ಗಟ್ಟಿನಲ್ಲಿ ಕೋಳಿ-ದನದ ಆಹಾರ ತುಂಬಿ ಬರುತ್ತಿದ್ದ ಹೂವಿನ ಅಚ್ಚಿನ ಹತ್ತಿ ಚೀಲಗಳನ್ನೂ ಹೀಗೇ ಬದಲಾಯಿಸಿಕೊಂಡರು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಉರುಳುವ ದುಂಡು ಅಲಗಿನ ರೋಟರಿ ಕಟ್ಟರ್ ತಂದ ಮೇಲೆ, ಕತ್ತರಿಯಲ್ಲಿ ಒಂದೊಂದೇ ಕತ್ತರಿಸುತ್ತಿದ್ದ ಕೆಲಸ ನಾಲ್ಕು ಪದರಕ್ಕೆ ಒಂದೇ ಎಳೆತವಾಯಿತು. ಈಗ ಅಂಗಡಿಯಲ್ಲೇ ಕತ್ತರಿಸಿದ ಕಟ್ಟು ಸಿಗುತ್ತದೆ.

ಕಟ್ಟುಗಳ ಲೆಕ್ಕ

ಐದಿಂಚಿನ ಚೌಕದ ಕಟ್ಟಿಗೆ ಇಂದಿಗೂ "ಚಾರ್ಮ್ ಪ್ಯಾಕ್" ಎಂದೇ ಹೆಸರು. ಕ್ವಿಲ್ಟಿನ ಬಟ್ಟೆ ಮಾರುವ ಮೋಡಾ ಕಂಪನಿಯದರಲ್ಲಿ ಸಾಮಾನ್ಯವಾಗಿ 42 ಚೌಕ ಇರುತ್ತವೆ. ಬೇರೆ ಕಂಪನಿಗಳ ಲೆಕ್ಕ ಬೇರೆ, ಚೀಟಿ ಓದಿಯೇ ಕೊಳ್ಳಬೇಕು. ಹತ್ತಿಂಚಿನ ಚೌಕದ ಕಟ್ಟು "ಲೇಯರ್ ಕೇಕ್". ಅದರ ಒಂದು ಚೌಕದಿಂದ ಐದಿಂಚಿನವು ನಾಲ್ಕು ಬರುತ್ತವೆ. ಎರಡೂವರೆ ಇಂಚಿನ ಉದ್ದ ಪಟ್ಟಿಗಳ ಸುರುಳಿ "ಜೆಲ್ಲಿ ರೋಲ್". "ಫ್ಯಾಟ್ ಕ್ವಾರ್ಟರ್" ಎಂದರೆ 18×22 ಇಂಚಿನ ತುಂಡು. ಅದರಿಂದ 12 ಚೌಕ ಸಿಗುತ್ತವೆ.

ಕಟ್ಟಿನ ಚೌಕದ ಅಂಚನ್ನು ಹತ್ತಿರದಿಂದ ನೋಡಿ. ದಾರ ಬಿಡದಿರಲಿ ಎಂದು ಅದನ್ನು ಹಲ್ಲುಹಲ್ಲಾಗಿ ಕತ್ತರಿಸಿರುತ್ತಾರೆ. ಐದು ಇಂಚು ಎಂದರೆ ಹಲ್ಲಿನ ತುದಿಯಿಂದ ತುದಿಗೋ, ಸಂದಿಯಿಂದ ಸಂದಿಗೋ? ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸ್ಕೇಲಿನ ಕೆಳಗೆ ಇಟ್ಟು ನೋಡಿ. ತುದಿಯಿಂದ ತುದಿಗೆ ಐದು ಬಂದರೆ ತುದಿಯನ್ನೇ ಅಂಚು ಎಂದು ಹಿಡಿದು ಹೊಲಿಯಿರಿ. ಸಂದಿಯಲ್ಲಿ ಐದು ಬಂದರೆ ಸಂದಿಯೇ ಅಂಚು. ಒಂದು ಕ್ವಿಲ್ಟಿನಲ್ಲಿ ಎರಡನ್ನೂ ಬೆರೆಸಿದರೆ ಪ್ರತಿ ಹೊಲಿಗೆಯಲ್ಲೂ ವ್ಯತ್ಯಾಸ ಬರುತ್ತದೆ. ಕಟ್ಟಿನ ಚೌಕಗಳನ್ನು ಹೊಲಿಯುವ ಮೊದಲು ಒಗೆಯಬೇಡಿ. ಅಂಚು ಬಿಚ್ಚಿಕೊಂಡು, ಆಕಾರ ಸೊಟ್ಟಗಾಗಿ, ಚೌಕ ಚೌಕವಾಗಿ ಉಳಿಯುವುದಿಲ್ಲ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಹೊಲಿಯುವವರಿಗೆ ಈ ಕಟ್ಟುಗಳು ಬೇಕೇಬೇಕೆಂದಿಲ್ಲ. ಒಂದು ಮೀಟರ್ ಕೇಂಬ್ರಿಕ್ ಹತ್ತಿ ಬಟ್ಟೆ, 44 ಇಂಚು ಅಗಲ. ಎರಡೂ ಬದಿಯ ಬಿಗಿ ನೇಯ್ಗೆಯ ಅಂಚು ತೆಗೆದರೆ ಸುಮಾರು 42 ಇಂಚು ಉಳಿಯುತ್ತದೆ. ಅಡ್ಡಕ್ಕೆ 8, ಉದ್ದಕ್ಕೆ 7, ಒಟ್ಟು 56 ಚೌಕ. ಅರ್ಧ ಮೀಟರಿಗೆ ಮಾತ್ರ 24. ಹತ್ತೊಂಬತ್ತು ಇಂಚು ಚಿಲ್ಲರೆಯಲ್ಲಿ ಮೂರೇ ಸಾಲು ಕೂರುತ್ತವೆ, ಉಳಿದದ್ದು ಕಿರಿದಾದ ಪಟ್ಟಿ. ಆ ಪಟ್ಟಿಯನ್ನೂ ಎಸೆಯಬೇಡಿ. 2¾ ಇಂಚಿನ ನಾಲ್ಕು ಚೌಕವನ್ನು ಅಂಚಿನಿಂದ ಕಾಲು ಇಂಚು ಒಳಗೆ ಸೇರಿಸಿ ಹೊಲಿದರೆ ಸರಿಯಾಗಿ ಐದಿಂಚಿನ ಚೌಕ ಬರುತ್ತದೆ. 2 ಇಂಚಿನ ಒಂಬತ್ತು ಚೌಕ ಸೇರಿಸಿದರೂ ಐದೇ. ಟೇಲರ್ ಅಂಗಡಿಯ ಕಟಿಂಗ್ ಪೀಸುಗಳಲ್ಲಿ ಐದಿಂಚು ಸಿಗುವುದು ಅಪರೂಪ, ಎರಡಿಂಚು ಧಾರಾಳ. ಹಾಗಾಗಿ ಈ ಎರಡು ಅಳತೆ ನೆನಪಿಟ್ಟುಕೊಂಡರೆ ಚೀಲದಲ್ಲಿ ಬಿದ್ದಿರುವ ಬಹುಪಾಲು ಚೂರು ಕೆಲಸಕ್ಕೆ ಬರುತ್ತದೆ.

ಬದಲಾಯಿಸಿಕೊಳ್ಳುವಾಗ

ಪದ್ಧತಿ ಸರಳ. ನಲವತ್ತು ಜನ ಸೇರಿದ ಗುಂಪಿನಲ್ಲಿ ಪ್ರತಿಯೊಬ್ಬರೂ ಒಂದೇ ಬಟ್ಟೆಯಿಂದ ನಲವತ್ತು ಚೌಕ ಕತ್ತರಿಸಿ ಒಬ್ಬರ ಕೈಗೆ ಕಳಿಸುತ್ತಾರೆ. ಅವರು ಹಂಚಿ, ಪ್ರತಿಯೊಬ್ಬರಿಗೂ ನಲವತ್ತು ಬಗೆಯದನ್ನು ವಾಪಸು ಕಳಿಸುತ್ತಾರೆ. ನಲವತ್ತು ಚೌಕಕ್ಕೆ 70 ಸೆಂಟಿಮೀಟರ್ ಬಟ್ಟೆ ಸಾಕು. ತೂಕ ಸುಮಾರು ನೂರು ಗ್ರಾಂ.

ಜಗಳ ಬರುವುದೆಲ್ಲ ಮೊದಲೇ ಮಾತಾಡಿಕೊಳ್ಳದ ವಿಷಯಗಳಿಂದ. ಒಗೆದ ಬಟ್ಟೆಯೋ ಒಗೆಯದ್ದೋ ಎಂಬುದು ಎಲ್ಲಕ್ಕಿಂತ ದೊಡ್ಡದು. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗಬಹುದು. ಅರ್ಧ ಚೌಕ ಕುಗ್ಗಿದ ಮೇಲೆ ಕತ್ತರಿಸಿದ್ದು, ಅರ್ಧ ಇನ್ನೂ ಕುಗ್ಗಬೇಕಾದದ್ದು ಆದರೆ ಮುಗಿದ ಕ್ವಿಲ್ಟನ್ನು ಮೊದಲ ಸಲ ಒಗೆದಾಗ ಅಲ್ಲಲ್ಲಿ ಸುಕ್ಕು, ಅಲ್ಲಲ್ಲಿ ಉಬ್ಬು. ಯಾವುದಾದರೂ ಒಂದೇ ನಿಯಮ ಇರಲಿ. ಇಲ್ಲಿಯ ಬಟ್ಟೆ, ಅದರಲ್ಲೂ ಬ್ಲಾಕ್ ಪ್ರಿಂಟ್ ಮತ್ತು ಕೈಯಲ್ಲಿ ಬಣ್ಣ ಹಾಕಿದ್ದು ಬೆರೆಯುವುದಾದರೆ "ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿದ್ದು ಮಾತ್ರ" ಎಂಬ ನಿಯಮವೇ ಒಳ್ಳೆಯದು. ಕುಗ್ಗುವುದಕ್ಕಿಂತ ಬಣ್ಣ ಬಿಡುವುದು ಅಲ್ಲಿ ದೊಡ್ಡ ಅಪಾಯ.

ಎರಡನೆಯದು ಅಳತೆಪಟ್ಟಿ. ಅಮೆರಿಕದಲ್ಲಿರುವ ಅಕ್ಕ ಇಂಚಿನಲ್ಲಿ ಕತ್ತರಿಸುತ್ತಾಳೆ, ಜರ್ಮನಿಯಲ್ಲಿರುವ ತಂಗಿ 12.5 ಸೆಂಟಿಮೀಟರ್ ಎಂದು ದುಂಡಾಗಿ ಕತ್ತರಿಸುತ್ತಾಳೆ. ಐದು ಇಂಚು ಎಂದರೆ 12.7 ಸೆಂಟಿಮೀಟರ್. ಆ ಎರಡು ಮಿಲಿಮೀಟರ್ ಪ್ರತಿ ಚೌಕದಲ್ಲೂ ಕಾಡುತ್ತದೆ. ಒಂದೇ ಊರಿನವರಲ್ಲೂ ಒಬ್ಬರು ಸ್ಕೇಲಿನ ಗೆರೆಯ ಒಳಗೆ, ಇನ್ನೊಬ್ಬರು ಗೆರೆಯ ಹೊರಗೆ ಬಟ್ಟೆಯ ಅಂಚು ಕೂಡಿಸಿ ಕತ್ತರಿಸುವುದುಂಟು. ಗೆರೆಯೇ ಒಂದು ದಾರದಷ್ಟು ದಪ್ಪ ಇರುತ್ತದೆ.

ಮೂರನೆಯದು ಬಟ್ಟೆಯ ಜಾತಿ. ಬರೀ ಹತ್ತಿ ಎಂದು ಹೇಳಿದರೂ ಪಾಲಿಯೆಸ್ಟರ್ ಬೆರೆತ ಟೆರಿಕಾಟನ್ ನುಸುಳಿ ಬರುತ್ತದೆ. ಅನುಮಾನ ಬಂದರೆ ಅಂಚಿನಿಂದ ಎರಡು ಎಳೆ ತೆಗೆದು ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಟು ಬೈ ಟು ಬ್ಲೌಸ್ ಪೀಸ್ ಹತ್ತಿಯೇ ಆದರೂ ಕ್ವಿಲ್ಟಿನ ಬಟ್ಟೆಗಿಂತ ತೆಳು. ದಪ್ಪ ಬಟ್ಟೆಯ ಪಕ್ಕದಲ್ಲಿ ಹೊಲಿದರೆ ಅದೇ ಮೊದಲು ಹರಿಯುತ್ತದೆ. ಗುಳೇದಗುಡ್ಡದ ಖಣ ಹಾಕುವ ಆಸೆ ಯಾರಿಗೂ ಬರುತ್ತದೆ, ಹಾಕಬಾರದೆಂದೇನಿಲ್ಲ. ಕತ್ತರಿಸಿದ ಕೂಡಲೇ ಎಳೆ ಬಿಡುವ ಬಟ್ಟೆಯಾದ್ದರಿಂದ ಮೊದಲು ಹಿಂಬದಿಗೆ ಇಸ್ತ್ರಿಯ ಬಿಸಿಗೆ ಅಂಟುವ ತೆಳು ಬಟ್ಟೆ, ಅಂದರೆ ಫ್ಯೂಸಿಂಗ್, ಅಂಟಿಸಿ, ಆಮೇಲೆ ಕತ್ತರಿಸಿ. ಇಸ್ತ್ರಿಯ ಬಿಸಿ ಕಡಿಮೆ ಇರಲಿ.

ಬಂದ ಚೌಕಗಳನ್ನು ಕೈಗೆ ಸಿಕ್ಕಂತೆ ಹೊಲಿಯಲು ಶುರುಮಾಡಬೇಡಿ. ಕೆಂಪು, ಕಡುನೀಲಿ, ಕಪ್ಪು ಚೌಕಗಳನ್ನು ಬೇರೆ ಮಾಡಿ, ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ಚೌಕ ಈ ಕ್ವಿಲ್ಟಿಗೆ ಬೇಡ. ಉಳಿದವನ್ನು ಐದಿಂಚಿನ ಪಾರದರ್ಶಕ ಅಕ್ರಿಲಿಕ್ ಚೌಕದ ಸ್ಕೇಲಿನ ಕೆಳಗೆ ಒಂದೊಂದಾಗಿ ಇಟ್ಟು ನೋಡಿ. ಒಂದೆರಡು ಮಾತ್ರ ಚಿಕ್ಕದಿದ್ದರೆ ಅವನ್ನು ಪಕ್ಕಕ್ಕಿಟ್ಟು ಎರಡಿಂಚಿನ ತುಂಡು ಮಾಡಿ, ಒಂಬತ್ತರ ಚೌಕಕ್ಕೆ ಉಪಯೋಗಿಸಿ. ಹತ್ತಿಪ್ಪತ್ತು ಚಿಕ್ಕದಿದ್ದರೆ ಧೈರ್ಯ ಮಾಡಿ ಎಲ್ಲವನ್ನೂ 4¾ ಇಂಚಿಗೆ ಕತ್ತರಿಸಿ. ಚೌಕಕ್ಕೆ ಕಾಲು ಇಂಚು ಹೋಯಿತೆಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಚಿಕ್ಕ ಚೌಕವನ್ನು ಎಳೆದು ಹಿಗ್ಗಿಸಿ ಹೊಲಿದರೆ ಅದು ಮೊದಲ ಒಗೆತಕ್ಕೇ ಹಳೆಯ ಅಳತೆಗೆ ಮರಳಿ, ಅಕ್ಕಪಕ್ಕದ ನಾಲ್ಕನ್ನೂ ಸುಕ್ಕಾಗಿಸುತ್ತದೆ. ಹಾಸು-ಹೊಕ್ಕಿಗೆ ಓರೆಯಾಗಿ, ನಮ್ಮ ಟೇಲರ್‌ಗಳು ಹೇಳುವಂತೆ ಕ್ರಾಸ್ ಆಗಿ ಕತ್ತರಿಸಿದ ಚೌಕ ನೋಡಲು ಅಳತೆಗೆ ಸರಿಯಿದ್ದರೂ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಅದನ್ನೂ ತೆಗೆದಿಡಿ.

ಎಷ್ಟು ಚೌಕ ಬೇಕು

ಐದಿಂಚಿನ ಚೌಕಕ್ಕೆ ನಾಲ್ಕೂ ಬದಿ ಕಾಲು ಇಂಚು ಹೊಲಿಗೆಗೆ ಹೋದರೆ ಕಾಣುವುದು ನಾಲ್ಕೂವರೆ ಇಂಚು. ಅಡ್ಡಕ್ಕೆ 12, ಉದ್ದಕ್ಕೆ 14 ಚೌಕ ಇಟ್ಟರೆ 54×63 ಇಂಚು, ಅಂದರೆ ಸೋಫಾದಲ್ಲಿ ಕೂತು ಹೊದೆಯುವ ಅಳತೆ. ಬೇಕಾಗುವುದು 168 ಚೌಕ, 42ರ ನಾಲ್ಕು ಕಟ್ಟು, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ಚೌಕ ಇಲ್ಲದಿದ್ದರೆ ಚದುರಂಗದ ಹಾಸಿನಂತೆ ಒಂದು ಬಿಟ್ಟು ಒಂದು ಒಂದೇ ಬಣ್ಣದ ಚೌಕ ಹಾಕಿ: 84 ಅಚ್ಚಿನದು, 84 ತಿಳಿ ಬಣ್ಣದ್ದು. ತಿಳಿ ಬಣ್ಣಕ್ಕೆ ಒಂದೂವರೆ ಮೀಟರ್ ಸಾಕು. ಬದಲಾಯಿಸಿಕೊಂಡು ತಂದ ಚೌಕಗಳಿಗೆ ಇದೇ ಹೆಚ್ಚು ಒಪ್ಪುವ ವಿನ್ಯಾಸ. ನಲವತ್ತು ಜನರ ನಲವತ್ತು ಅಭಿರುಚಿ ಒಂದಕ್ಕೊಂದು ತಾಗದಂತೆ ನಡುವೆ ಉಸಿರಾಡಲು ಜಾಗ ಸಿಗುತ್ತದೆ.

ಇನ್ನು ಬಣ್ಣ. ಕೆಂಪಿನ ಪಕ್ಕ ಹಸಿರು ಬರಬಹುದೇ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ತಿಳಿ ಯಾವುದು, ಗಾಢ ಯಾವುದು ಎಂದು ವಿಂಗಡಿಸಿ. ಕ್ವಿಲ್ಟಿಗೆ ವಿನ್ಯಾಸ ಕೊಡುವುದು ಈ ತಿಳಿ-ಗಾಢದ ವ್ಯತ್ಯಾಸವೇ. ಎಲ್ಲ ಚೌಕಗಳನ್ನೂ ನೆಲದ ಮೇಲೆ ಹರಡಿ ಫೋನಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿ ನೋಡಿ. ಕಣ್ಣಿಗೆ ಬೇರೆಬೇರೆ ಎನಿಸಿದ್ದ ಕೆಂಪೂ ಹಸಿರೂ ಫೋಟೊದಲ್ಲಿ ಒಂದೇ ಬೂದುಬಣ್ಣವಾಗಿ ಕಾಣಬಹುದು. ಹಾಗಿದ್ದರೆ ದೂರದಿಂದ ಅವು ಒಂದರಲ್ಲೊಂದು ಕರಗಿಹೋಗುತ್ತವೆ. ಹಳದಿ ಮಾತ್ರ ಎಚ್ಚರ: ಫೋಟೊದಲ್ಲಿ ಸೌಮ್ಯವಾಗಿ ಕಾಣುವ ಕಡುಹಳದಿ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಬೀಳುತ್ತದೆ. ಅದನ್ನು ಒಂದೇ ಕಡೆ ಗುಡ್ಡೆ ಹಾಕದೆ ಹಾಸಿನ ತುಂಬ ಚೆದುರಿಸಿ.

ಚೀಲಕ್ಕೆ ಕೈಹಾಕಿ ಸಿಕ್ಕಿದ್ದನ್ನು ಹೊಲಿಯಬೇಕೆಂಬ ಸಲಹೆ ಕೇಳಿಬರುತ್ತದೆ. ಅದು ಅರ್ಧ ಸರಿ. ಗಾಢ ಒಂದು ಚೀಲ, ತಿಳಿ ಒಂದು ಚೀಲ ಮಾಡಿ, ಒಂದರಿಂದೊಂದು ತೆಗೆಯುತ್ತ ಹೋದರೆ ಕೆಲಸ ಬೇಗ ಸಾಗುತ್ತದೆ, ವಿನ್ಯಾಸವೂ ಕೆಡುವುದಿಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದರೆ ಒಂದು ಮೂಲೆಯಲ್ಲಿ ನೀಲಿಯ ಗುಂಪು ಸೇರಿಬಿಡುತ್ತದೆ. ಹರಡಿದ ಮೇಲೆ ಫೋಟೊ ತೆಗೆದಿಟ್ಟುಕೊಳ್ಳಿ, ಪ್ರತಿ ಸಾಲಿನ ಎಡಗಡೆಯ ಮೊದಲ ಚೌಕಕ್ಕೆ ಸಾಲಿನ ಸಂಖ್ಯೆ ಬರೆದ ಚೀಟಿ ಪಿನ್ನು ಮಾಡಿ. ಫ್ಯಾನ್ ಹಾಕಬೇಡಿ.

ಕಾಲು ಇಂಚಿನ ಹೊಲಿಗೆ

ನಿಮ್ಮ ಹೊಲಿಗೆ ಕಾಲು ಇಂಚಿಗಿಂತ 1/16 ಇಂಚು ಹೆಚ್ಚು ಹೋಯಿತೆಂದುಕೊಳ್ಳಿ. ಒಂದು ಹೊಲಿಗೆಯಲ್ಲಿ ಎರಡೂ ಚೌಕದಿಂದ ಸೇರಿ 1/8 ಇಂಚು ನಷ್ಟ. ಹನ್ನೆರಡು ಚೌಕದ ಸಾಲಿನಲ್ಲಿ ಹನ್ನೊಂದು ಹೊಲಿಗೆ; ಒಟ್ಟು 1⅜ ಇಂಚು ಕಡಿಮೆ. ಎಲ್ಲ ಸಾಲಿನಲ್ಲೂ ಅದೇ ತಪ್ಪಾದರೆ ಕ್ವಿಲ್ಟ್ ಸ್ವಲ್ಪ ಚಿಕ್ಕದಾಗುತ್ತದೆ, ಅಷ್ಟೆ. ಇಂದು ಬೆಳಿಗ್ಗೆ ಒಂದು ಬಗೆ, ನಾಳೆ ರಾತ್ರಿ ಇನ್ನೊಂದು ಬಗೆ ಹೊಲಿದರೆ ಸಾಲಿಗೆ ಸಾಲು ಕೂಡುವುದಿಲ್ಲ. ಒಂದೇ ಸಮ ಇರುವ ಹೊಲಿಗೆ ಮುಖ್ಯ, ಅದು ಕಾಲು ಇಂಚಿನಷ್ಟೇ ಇದ್ದರೆ ಇನ್ನೂ ಒಳ್ಳೆಯದು.

ಪರೀಕ್ಷೆ ಹೀಗೆ: ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಉದ್ದಕ್ಕೆ ಸೇರಿಸಿ ಹೊಲಿದು ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಕಾಣಬೇಕು. ಕಡಿಮೆ ಬಂದರೆ ಹೊಲಿಗೆ ಒಳಗೆ ಹೋಗುತ್ತಿದೆ. ಬಟ್ಟೆ ಮಡಚಿಕೊಳ್ಳುವ ತಿರುವಿನಲ್ಲೇ ದಾರದಷ್ಟು ಅಳತೆ ತಿಂದುಹೋಗುವುದರಿಂದ ಕಾಲು ಇಂಚಿಗೆ ಒಂದೆರಡು ಎಳೆ ಕಡಿಮೆ ಹಿಡಿಯಬೇಕು. ಮನೆಯ ಹಳೆಯ ಕಪ್ಪು ಮಷೀನಿನಲ್ಲಿ ಪಾದದ ಅಂಚು ಕಾಲು ಇಂಚಿಗೆ ಕೂರುವುದಿಲ್ಲ. ಸೂಜಿಯಿಂದ ಅಳೆದು ಕೆಳಗಿನ ತಗಡಿನ ಮೇಲೆ ನಾಲ್ಕೈದು ಪದರ ಟೇಪು ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗಿ ಓಡುವಂತೆ ಮಾಡಿ. ಹೊಲಿಗೆಯ ಉದ್ದ 2ರಿಂದ 2.5 ಮಿಲಿಮೀಟರ್, ಸೂಜಿ 80/12, ತೆಳುವಾದ ಹತ್ತಿ ದಾರ. ಒಂದು ಜೋಡಿ ಮುಗಿದ ಮೇಲೆ ದಾರ ಕತ್ತರಿಸದೆ ಮುಂದಿನ ಜೋಡಿ ತಳ್ಳಿದರೆ ಹೊಲಿದ ಜೋಡಿಗಳು ತೋರಣದಂತೆ ಹಿಂದೆ ಬೀಳುತ್ತವೆ. ಶುರುವಿಗೆ ಒಂದು ಬೇಡದ ಚೂರಿನ ಮೇಲೆ ಹೊಲಿದು ಬಂದರೆ ಮೊದಲ ಚೌಕದ ಮೂಲೆಯನ್ನು ಮಷೀನು ಒಳಗೆಳೆದು ದಾರ ಗಂಟಾಗುವುದಿಲ್ಲ.

ಮೂಲೆ ಕೂಡಿಸುವ ಗುಟ್ಟು ಇಸ್ತ್ರಿಯಲ್ಲಿದೆ. ಒಂದು, ಮೂರು, ಐದನೆಯ ಸಾಲುಗಳ ಹೊಲಿಗೆ ಅಂಚನ್ನೆಲ್ಲ ಎಡಕ್ಕೆ ಮಲಗಿಸಿ. ಎರಡು, ನಾಲ್ಕು, ಆರನೆಯ ಸಾಲಿನದನ್ನು ಬಲಕ್ಕೆ. ಎರಡು ಸಾಲು ಮುಖಾಮುಖಿ ಇಟ್ಟು ಹೊಲಿಗೆಯ ಜಾಗವನ್ನು ಬೆರಳ ನಡುವೆ ತಿಕ್ಕಿದರೆ ಮೇಲಿನ ಉಬ್ಬು ಕೆಳಗಿನ ಉಬ್ಬಿಗೆ ತಡೆದು ನಿಲ್ಲುತ್ತದೆ. ಆ ತಡೆ ಬೆರಳಿಗೆ ಸಿಕ್ಕಿದ ಕಡೆ ಪಿನ್ನು ಹಾಕಿ. ಅಲ್ಲಿ ನಾಲ್ಕು ಮೂಲೆ ಕೂಡಿಯೇ ಕೂಡುತ್ತವೆ. ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಮೇಲೆ ಎಳೆದಂತೆ ಎಳೆಯಬೇಡಿ. ಇಟ್ಟು, ಒತ್ತಿ, ಎತ್ತಿ. ಉಗಿ ಹಾಕಿ ಎಳೆದರೆ ಸಾಲು ಬಿಲ್ಲಿನಂತೆ ಬಾಗುತ್ತದೆ.

ಬರೀ ಚೌಕ ಬೇಸರವೆನಿಸಿದರೆ ಎರಡು ದಾರಿ. ತಿಳಿ-ಗಾಢ ಎರಡು ಚೌಕ ಮುಖಾಮುಖಿ ಇಟ್ಟು ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿ ಕಾಲು ಇಂಚು ಬಿಟ್ಟು ಹೊಲಿದು ಗೆರೆಯ ಮೇಲೆ ಕತ್ತರಿಸಿದರೆ ಎರಡು ಬಣ್ಣದ ತ್ರಿಕೋನ ಸೇರಿದ ಎರಡು ಚೌಕ ಸಿಗುತ್ತವೆ. ಅವನ್ನು 4½ ಇಂಚಿಗೆ ಸಮ ಮಾಡಿ. ಇನ್ನೊಂದು, ಒಂಬತ್ತು ಚೌಕ ಸೇರಿಸಿ ಹೊಲಿದ 14 ಇಂಚಿನ ತುಂಡನ್ನು ಉದ್ದಕ್ಕೂ ಅಡ್ಡಕ್ಕೂ ಸರಿಯಾಗಿ ನಡುವೆ ಕತ್ತರಿಸಿ, 7 ಇಂಚಿನ ನಾಲ್ಕು ತುಂಡಿನಲ್ಲಿ ಮೂಲೆಗೆ ಮೂಲೆ ಎದುರಾಗಿರುವ ಎರಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಲಿಯುವುದು. ನಡುವಿನ ಚೌಕ ನಾಲ್ಕು ಚಿಕ್ಕ ತುಂಡಾಗುವುದರಿಂದ ಅಲ್ಲಿ ಗಾಢ ಬಣ್ಣ ಇಡಿ, ಇಷ್ಟದ ಬಟ್ಟೆ ಮೂಲೆಗಿರಲಿ. ಇಂಥ ಹನ್ನೆರಡು ತುಂಡಿಗೆ 108 ಚೌಕ ಬೇಕು, 39×52 ಇಂಚಿನ ಮಕ್ಕಳ ಹೊದಿಕೆ ಆಗುತ್ತದೆ.

ಮೂರು ಪದರ, ಅಂಚುಪಟ್ಟಿ

ಹಿಂಬದಿಯ ಬಟ್ಟೆ ಮೇಲುಹೊದಿಕೆಗಿಂತ ನಾಲ್ಕೂ ಕಡೆ 4 ಇಂಚು ಹೆಚ್ಚಿರಬೇಕು. 54×63ಕ್ಕೆ 62×71. 44 ಇಂಚು ಅಗಲದ ಬಟ್ಟೆಯಲ್ಲಿ 62 ಇಂಚಿನ ಎರಡು ತುಂಡು ಸೇರಿಸಿದರೆ ಸಾಕು. ಮೂರೂಕಾಲು ಮೀಟರ್ ಕೊಳ್ಳಿ. ನಡುವಿನ ಪದರಕ್ಕೆ ಹತ್ತಿಯ ತೆಳು ಹಾಸು ಒಳ್ಳೆಯದು. ನಮ್ಮ ಹವೆಗೆ ಒಂದು ಫ್ಲಾನೆಲ್ ಹೊದಿಕೆಯೋ, ಕೌದಿಯಲ್ಲಿ ಮಾಡುವಂತೆ ಎರಡು ಪದರ ಹಳೆಯ ಹತ್ತಿ ಸೀರೆಯೋ ಸಾಕಾಗುತ್ತದೆ. ಹಿಂಬದಿಯನ್ನು ನೆಲಕ್ಕೆ ಟೇಪಿನಿಂದ ಬಿಗಿಯಾಗಿ ಅಂಟಿಸಿ, ಪದರ ಹಾಸಿ, ನಡುವಿನಿಂದ ಹೊರಕ್ಕೆ ಒಂದು ಮುಷ್ಟಿಗೊಂದರಂತೆ ಸೇಫ್ಟಿ ಪಿನ್ನು ಹಾಕಿ, ಇಲ್ಲವೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಇಲ್ಲಿ ಉಳಿಸಿದ ಅರ್ಧ ಗಂಟೆ ಹಿಂಬದಿಯಲ್ಲಿ ಮಡಿಕೆಯಾಗಿ ಕಾಣುತ್ತದೆ, ಆಮೇಲೆ ಅದನ್ನು ಬಿಚ್ಚದೆ ಗತಿಯಿಲ್ಲ.

ಮಷೀನಿನಲ್ಲಿ ಹೊಲಿಯುವುದಾದರೆ ಮೇಲಿನ ಬಟ್ಟೆಯನ್ನೂ ಮುಂದಕ್ಕೆ ದೂಡುವ ವಾಕಿಂಗ್ ಫುಟ್ ಬೇಕು. ಜೋಡಣೆಯ ಗೆರೆಯ ಮೇಲೆಯೇ ಹೊಲಿಯುವುದು ಸುಲಭವೆಂದು ಕಂಡರೂ ಕೂಡದ ಮೂಲೆಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಗೆರೆಯ ಎರಡೂ ಪಕ್ಕ ಕಾಲು ಇಂಚು ಬಿಟ್ಟು ಹೊಲಿದರೆ ಸಣ್ಣಪುಟ್ಟ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಗೆರೆಗಳ ನಡುವೆ ನಾಲ್ಕಿಂಚಿಗಿಂತ ಹೆಚ್ಚು ಅಂತರ ಬೇಡ. ಹೆಚ್ಚಾದರೆ ನಾಲ್ಕೈದು ಒಗೆತಕ್ಕೆ ಹತ್ತಿ ಸರಿದು ಗಂಟು ಕಟ್ಟುತ್ತದೆ. ವಾಕಿಂಗ್ ಫುಟ್ ಇಲ್ಲದವರು ಕೈಯಲ್ಲೇ ಕೌದಿಯ ದಾರ ಓಡಿಸಬಹುದು. ಚೌಕಗಳ ನೇರ ಗೆರೆಗಳ ಮೇಲೆ ಆ ಹೊಲಿಗೆ ಬಹಳ ಚೆನ್ನಾಗಿ ಕಾಣುತ್ತದೆ.

ಅಂಚಿಗೆ ಎರಡೂವರೆ ಇಂಚಿನ ಪಟ್ಟಿ ಏಳು, ಅಂದರೆ ಅರ್ಧ ಮೀಟರ್. ಪಟ್ಟಿಗೆ ಪಟ್ಟಿಯನ್ನು ಓರೆಯಾಗಿ ಜೋಡಿಸಿದರೆ ಜೋಡಣೆ ದಪ್ಪವಾಗುವುದಿಲ್ಲ. ಉದ್ದಕ್ಕೆ ಎರಡಾಗಿ ಮಡಚಿ, ಮುಂಬದಿಗೆ ಮಷೀನಿನಲ್ಲಿ ಹೊಲಿದು, ಹಿಂದಕ್ಕೆ ತಿರುಗಿಸಿ ಕೈಹೊಲಿಗೆ ಹಾಕಿ. ಮೂಲೆ ಕಾಲು ಇಂಚು ಇರುವಾಗಲೇ ನಿಂತು, ದಾರ ಕತ್ತರಿಸಿ, ಪಟ್ಟಿಯನ್ನು ಮೇಲಕ್ಕೆ ಮಡಚಿ ಮತ್ತೆ ಕೆಳಕ್ಕೆ ಇಳಿಸಿ ಮುಂದುವರಿಸಿದರೆ ಮೂಲೆ ಚೂಪಾಗಿ ಕೂರುತ್ತದೆ.

ಮೊದಲ ಒಗೆತ ತಣ್ಣೀರಿನಲ್ಲಿ, ಒಂಟಿಯಾಗಿ. ನೀರಿಗೆ ಬಣ್ಣ ಇಳಿಯುತ್ತಿರುವುದು ಕಂಡರೆ ಹಿಂಡಿ ಮಡಚಿಡಬೇಡಿ, ಒಣಗಿಸಲೂ ಬೇಡಿ. ನೀರು ತಿಳಿಯಾಗುವವರೆಗೆ ಬದಲಾಯಿಸುತ್ತ ಜಾಲಿಸಿ. ಒದ್ದೆ ಇರುವಷ್ಟು ಹೊತ್ತು ಪಕ್ಕದ ಚೌಕಕ್ಕೆ ಹತ್ತಿದ ಬಣ್ಣ ಬಿಡುವ ಸಾಧ್ಯತೆ ಇರುತ್ತದೆ, ಒಣಗಿದ ಮೇಲೆ ಕಷ್ಟ. ಆಮೇಲೆ ತಂತಿಗೆ ತೂಗುಹಾಕದೆ, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸಿ. ನೆನೆದ ಭಾರಕ್ಕೆ ಜಗ್ಗಿದರೆ ಹೊಲಿಗೆಯೇ ಮೊದಲು ಬಿಡುತ್ತದೆ.